ಮಾತು ನಿಂತಾಗ ತುಸು ಕಾಯಿರಿ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಬರಹರೂಪ)



ಮಾತು ಶುರು ಮಾಡುವ ಮೊದಲು ಒಂದು ಸೂಚನೆ. ಈ ಕಾಲು ಗಂಟೆಯಲ್ಲಿ ನಡುನಡುವೆ ಸದ್ದು ನಿಂತುಹೋದರೆ ನಿಮ್ಮ ರೇಡಿಯೋ ಕೆಟ್ಟಿದೆ ಎಂದು ತಿಳಿಯಬೇಡಿ. ಸೆಲ್ಲು ಬದಲಿಸಲು ಏಳಬೇಡಿ. ನಿಂತದ್ದು ರೇಡಿಯೋ ಅಲ್ಲ, ನಾನು. ನನಗೆ ಉಗ್ಗು ಇದೆ. ಐದನೆಯ ವರ್ಷದಿಂದ ಇದೆ, ಈಗ ನನಗೆ ಅರವತ್ತೇಳು. ಉಗ್ಗುವವನಿಗೆ ರೇಡಿಯೋದಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ನನ್ನ ಮನೆಯವಳೂ ಅದನ್ನೇ ಕೇಳಿದಳು. ಅದಕ್ಕೆ ಉತ್ತರವೇ ಇವತ್ತಿನ ನನ್ನ ಮಾತು.

ಮೊದಲು ಉಗ್ಗು ಎಂದರೆ ಏನು ಎಂದು ನೋಡೋಣ. ಕನ್ನಡದಲ್ಲಿ ಉಗ್ಗು, ತೊದಲು ಎರಡನ್ನೂ ಬೆರೆಸಿಯೇ ಹೇಳುತ್ತೇವೆ. ಆದರೆ ಪುಟ್ಟ ಮಗು ‘ರ’ ಬದಲು ‘ಲ’ ಅನ್ನುವ ಮುದ್ದು ಮಾತು ಬೇರೆ, ಉಗ್ಗು ಬೇರೆ. ಉಗ್ಗುವವನಿಗೆ ಅಕ್ಷರ ಗೊತ್ತು, ಶಬ್ದ ಗೊತ್ತು, ಹೇಳಬೇಕಾದ ವಿಷಯವೂ ತಲೆಯಲ್ಲಿ ಸಿದ್ಧವಾಗಿದೆ. ಹೊರಗೆ ಬರುವಾಗ ಮಾತ್ರ ತೊಡಕು. ಇದು ಮೂರು ಬಗೆಯಲ್ಲಿ ಕಾಣುತ್ತದೆ. ಮೊದಲ ಅಕ್ಷರ ಮತ್ತೆ ಮತ್ತೆ ಬರುವುದು ಒಂದು. ಮೊದಲ ಸ್ವರ ರಬ್ಬರಿನಂತೆ ಎಳೆದುಕೊಳ್ಳುವುದು ಇನ್ನೊಂದು. ಬಾಯಿ ತೆರೆದರೂ ಏನೂ ಹೊರಡದೆ ಮಾತು ಗಂಟಲಲ್ಲೇ ಹಿಡಿದು ನಿಲ್ಲುವುದು ಮೂರನೆಯದು. ಬಹುಮಟ್ಟಿಗೆ ಇದು ಆಗುವುದು ಮಾತಿನ ಆರಂಭದಲ್ಲಿ. ಗಾಡಿ ಹೊರಟಮೇಲೆ ಪರವಾಗಿಲ್ಲ, ಹೊರಡುವುದೇ ಕಷ್ಟ.

ನಾನು ಹುಟ್ಟಿದ್ದು ಧಾರವಾಡದ ಹತ್ತಿರದ ಒಂದು ಹಳ್ಳಿಯಲ್ಲಿ. ಶಾಲೆಯಲ್ಲಿ ಪಾಠ ಓದಲು ಎದ್ದು ನಿಂತರೆ ಮೊದಲ ಶಬ್ದ ಹೊರಡುತ್ತಿರಲಿಲ್ಲ. ‘ಏ, ಬಾಯಾಗ ಹಿಟ್ಟು ತುಂಬಿಕೊಂಡೀ ಏನು?’ ಎಂದು ಮಾಸ್ತರು ಕೇಳಿದರೆ ಇಡೀ ವರ್ಗ ನಗುತ್ತಿತ್ತು. ಮಾಸ್ತರು ಕೆಟ್ಟವರಲ್ಲ. ಅವರಿಗೆ ಗೊತ್ತಿರಲಿಲ್ಲ, ಅಷ್ಟೆ.

ಮನೆಯಲ್ಲಿ ಮಾಡದ ಉಪಾಯವಿಲ್ಲ. ಅಜ್ಜಿ ಬಜೆ ಬೇರನ್ನು ತೇಯ್ದು ಜೇನಿನಲ್ಲಿ ಕಲಸಿ ನೆಕ್ಕಿಸಿದಳು. ಅವ್ವ ದೇವರಿಗೆ ಬೆಳ್ಳಿಯ ನಾಲಿಗೆ ಮಾಡಿಸಿ ಹುಂಡಿಗೆ ಹಾಕಿದಳು. ಯಾರೋ ಹೇಳಿದರೆಂದು ಅಪ್ಪ ಹಳ್ಳದಿಂದ ನುಣುಪಾದ ಕಲ್ಲು ತಂದು ಬಾಯಲ್ಲಿ ಇಟ್ಟು ಓದಿಸಿದರು. ಪ್ರಾಚೀನ ಗ್ರೀಸಿನ ವಾಗ್ಮಿ ಡೆಮಾಸ್ತನೀಸ್ ಬಾಯಲ್ಲಿ ಕಲ್ಲಿಟ್ಟುಕೊಂಡು ಮಾತು ಕಲಿತನೆಂಬ ಕಥೆ ಇದೆ. ಅದು ಎರಡು ಸಾವಿರ ವರ್ಷ ದಾಟಿ ನಮ್ಮ ಹಳ್ಳಿಗೂ ಬಂದಿತ್ತು. ಇವೆಲ್ಲದರ ಹಿಂದೆ ಇದ್ದ ನಂಬಿಕೆ ಒಂದೇ: ತಪ್ಪು ಇರುವುದು ನಾಲಿಗೆಯಲ್ಲಿ. ನಾಲಿಗೆ ದಪ್ಪ, ಅಥವಾ ಅದರ ಕೆಳಗಿನ ಎಳೆ ಗಿಡ್ಡ. ಇದು ನಮ್ಮ ಹಳ್ಳಿಯವರ ನಂಬಿಕೆ ಮಾತ್ರವಾಗಿರಲಿಲ್ಲ. 1841ರಲ್ಲಿ ಬರ್ಲಿನ್‌ನ ಹೆಸರಾಂತ ಶಸ್ತ್ರವೈದ್ಯ ಡೀಫೆನ್‌ಬಾಕ್ ಉಗ್ಗುವವರ ನಾಲಿಗೆಯನ್ನೇ ಕೊಯ್ದು ನೋಡಿದ. ರಕ್ತ ಹರಿಯಿತು, ಉಗ್ಗು ಹೋಗಲಿಲ್ಲ. ಇಂದಿಗೂ ಉಗ್ಗುವ ಮಗುವಿನ ನಾಲಿಗೆ ಎಳೆ ಕತ್ತರಿಸಿಬಿಡಿ ಎನ್ನುವವರು ಸಿಗುತ್ತಾರೆ. ನಾಲಿಗೆ ಎಳೆಯ ತೊಂದರೆ ಬೇರೆ, ಉಗ್ಗು ಬೇರೆ. ಉಗ್ಗುವವರ ನಾಲಿಗೆ, ತುಟಿ, ಗಂಟಲು ಎಲ್ಲವೂ ಎಲ್ಲರ ಹಾಗೆಯೇ ಇರುತ್ತವೆ.

ಒಂದು ವಿಷಯ ನೆನೆದರೆ ಈಗ ನಗು ಬರುತ್ತದೆ, ಬೇಸರವೂ ಆಗುತ್ತದೆ. ನಾನು ಏಳು ವರ್ಷದವನಿದ್ದಾಗ, 1965ರಲ್ಲಿ, ನಮ್ಮದೇ ರಾಜ್ಯದ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾಯಿತು. ಮಾತು ಮತ್ತು ಕಿವಿಯ ತೊಂದರೆಗಳಿಗೇ ಮೀಸಲಾದ ದೊಡ್ಡ ಸಂಸ್ಥೆ. ಅದರ ಸುದ್ದಿ ನಮ್ಮ ಹಳ್ಳಿಗೆ ಬರಲಿಲ್ಲ. ಗ್ರೀಸಿನ ಕಥೆ ಬಂತು, ಮೈಸೂರಿನ ಸುದ್ದಿ ಬರಲಿಲ್ಲ.

1981ರಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿ ಮುಂಬಯಿಗೆ ಬಂದೆ. ಮನೆ ಮಾಡಿದ್ದು ಡೊಂಬಿವಲಿಯ ತಿಲಕ ನಗರದಲ್ಲಿ. ಡೊಂಬಿವಲಿ ನನಗೆ ಎಲ್ಲವನ್ನೂ ಕೊಟ್ಟ ಊರು. ಆದರೆ ಅದರ ಹೆಸರು ಮಾತ್ರ ನನ್ನ ಬಾಯಿಗೆ ಬರುತ್ತಿರಲಿಲ್ಲ. ವಿ.ಟಿ. ಸ್ಟೇಷನ್ನಿನ ಟಿಕೆಟ್ ಕಿಟಕಿಯ ಮುಂದೆ ಸಂಜೆಯ ಸಾಲು ನಿಮಗೆ ಗೊತ್ತು. ಹಿಂದೆ ಐವತ್ತು ಜನ, ಎಲ್ಲರಿಗೂ ಅವಸರ. ‘ಡ’ ಹೊರಡದು. ಒಳಗಿನವರು ‘ಕುಠೇ? ಕುಠೇ?’ ಎಂದು ಕೂಗುವರು. ಕೊನೆಗೆ ‘ಕಲ್ಯಾಣ’ ಎಂದುಬಿಡುತ್ತಿದ್ದೆ. ಕಲ್ಯಾಣಕ್ಕೆ ಟಿಕೆಟ್ ತೆಗೆದು, ಎರಡು ಸ್ಟೇಷನ್ ಮೊದಲೇ ಡೊಂಬಿವಲಿಯಲ್ಲಿ ಇಳಿಯುತ್ತಿದ್ದೆ. ಆಮೇಲೆ ತಿಂಗಳ ಪಾಸು ಮಾಡಿಸಿಕೊಂಡೆ. ಪಾಸು ಮುಗಿದಾಗ ಹಳೆಯದನ್ನು ಕಿಟಕಿಯೊಳಗೆ ತಳ್ಳಿದರೆ ಸಾಕು, ಮಾತೇ ಬೇಡ.

ಹೀಗೆ ಕಷ್ಟದ ಶಬ್ದ ಬಿಟ್ಟು ಸುಲಭದ ಶಬ್ದ ಹಿಡಿಯುವುದರಲ್ಲಿ ನಾನು ನಿಪುಣನಾದೆ. ಬಟಾಟೆ ಬೇಕಾದರೂ ‘ಬ’ ಹೊರಡದಿದ್ದರೆ ಈರುಳ್ಳಿ ತಂದೆ. ಫೋನು ಬಂದರೆ ಬಚ್ಚಲು ಮನೆಗೆ ಹೋದೆ. ಆದರೆ ಬದಲಿಸಲಾಗದ ಶಬ್ದ ಒಂದಿದೆ, ನಮ್ಮ ಹೆಸರು. ‘ನಿಮ್ಮ ಹೆಸರೇನು?’ ಎಂದು ಕೇಳಿದಾಗ ತಡವರಿಸಿದರೆ ಸ್ವಂತ ಹೆಸರೂ ಮರೆತಿದೆಯೇ ಎಂದು ಜನ ನಗುತ್ತಾರೆ. ಬ್ಯಾಂಕಿನಲ್ಲಿ ಅಧಿಕಾರಿಯಾಗುವ ಅವಕಾಶ ಎರಡು ಸಲ ಬಂತು. ಸಂದರ್ಶನ ಇದೆ, ಆಮೇಲೆ ಫೋನು, ಮೀಟಿಂಗು ಇದೆ ಎಂದು ಎರಡು ಸಲವೂ ಬೇಡವೆಂದೆ. ಕಾರಣ ಯಾರಿಗೂ ಹೇಳಲಿಲ್ಲ. ‘ಊರಿಂದೂರಿಗೆ ವರ್ಗ ಮಾಡ್ತಾರೆ, ಮಕ್ಕಳ ಶಾಲೆಗೆ ತೊಂದರೆ’ ಎಂದೆ. ಎಲ್ಲರೂ ನಂಬಿದರು.

ಜೋಸೆಫ್ ಶೀಹನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು, ಅವರೂ ಉಗ್ಗುವವರೇ, ಉಗ್ಗನ್ನು ಸಮುದ್ರದಲ್ಲಿ ತೇಲುವ ಹಿಮದ ಗುಡ್ಡಕ್ಕೆ ಹೋಲಿಸಿದ್ದರು. ನೀರಿನ ಮೇಲೆ ಕಾಣುವುದು ಸಣ್ಣ ತುದಿ, ಅದು ತಡವರಿಸುವ ಮಾತು. ನೀರಿನ ಕೆಳಗೆ ಇರುವುದೇ ಬಹುಪಾಲು, ಅದು ನಾಚಿಕೆ, ಭಯ, ತಪ್ಪಿಸಿಕೊಳ್ಳುವ ಉಪಾಯ. ನನ್ನ ಮಟ್ಟಿಗೆ ಇದು ಅಕ್ಷರಶಃ ನಿಜ. ನಾನು ಎಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದೆನೆಂದರೆ ನಮ್ಮ ಕಟ್ಟಡದಲ್ಲಿ ನನ್ನನ್ನು ‘ಮಿತಭಾಷಿ’ ಎಂದು ಹೊಗಳುತ್ತಿದ್ದರು.

ಈಗ ಇವತ್ತಿನ ವಿಷಯಕ್ಕೆ ಬರುತ್ತೇನೆ. ನನ್ನ ಮಗ, ಸೊಸೆ ಇರುವುದು ನವಿ ಮುಂಬಯಿಯ ಕೋಪರ್‌ಖೈರಣೆಯಲ್ಲಿ. ಇಬ್ಬರೂ ಕೆಲಸಕ್ಕೆ ಹೋಗುವವರು. ವಾರದ ಐದು ದಿನ ನಾವಿಬ್ಬರೂ ಮೊಮ್ಮಗನ ಜೊತೆ ಅಲ್ಲಿ, ಶನಿವಾರ ಭಾನುವಾರ ಡೊಂಬಿವಲಿ. ಎರಡು ವರ್ಷದ ಹಿಂದೆ, ಮೊಮ್ಮಗನಿಗೆ ಮೂರೂವರೆ ವರ್ಷವಿದ್ದಾಗ, ಒಂದು ದಿನ ಬೆಳಿಗ್ಗೆ ಅವನು ‘ಅಜ್ಜಾ’ ಎನ್ನಲು ಹೋಗಿ ‘ಅ’ದಲ್ಲೇ ನಿಂತ. ಮೂರು ಸಲ, ನಾಲ್ಕು ಸಲ. ನನ್ನ ಎದೆ ಧಸಕ್ಕೆಂದಿತು. ಆ ಶಬ್ದ ನನಗೆ ಗೊತ್ತಿತ್ತು.

ಎರಡು ವಾರದಲ್ಲಿ ಅದು ಹೆಚ್ಚಾಯಿತು. ಒಂದು ರಾತ್ರಿ ಸೊಸೆ ಬಂದು ನನ್ನೆದುರು ಕೂತಳು. ಅವಳು ತುಂಬ ಒಳ್ಳೆಯ ಹುಡುಗಿ, ಕಣ್ಣಲ್ಲಿ ನೀರಿತ್ತು. ‘ಮಾವಾ, ತಪ್ಪು ತಿಳೀಬ್ಯಾಡ್ರಿ. ಸಣ್ಣ ಮಕ್ಕಳು ನೋಡಿ ನೋಡಿ ಕಲೀತಾವಂತ. ಸ್ವಲ್ಪ ದಿನ ಅವನ ಮುಂದ ಮಾತು ಕಡಿಮಿ ಮಾಡ್ತೀರೇನ್ರಿ?’ ಎಂದಳು.

ನನಗೆ ಸಿಟ್ಟು ಬರಲಿಲ್ಲ. ಏಕೆಂದರೆ ನಾನೂ ಅದನ್ನೇ ನಂಬಿದ್ದೆ. ಚಿಕ್ಕವನಿದ್ದಾಗ ನನ್ನ ಜೊತೆ ಆಡುವ ಹುಡುಗರಿಗೆ ಅವರ ತಾಯಂದಿರು ‘ಅವನನ್ನ ಅಣಕಿಸಬ್ಯಾಡ, ನಿನಗೂ ಹತ್ತತದ’ ಎಂದು ಹೇಳುತ್ತಿದ್ದುದನ್ನು ಕೇಳಿಯೇ ಬೆಳೆದವನು. ಮರುದಿನದಿಂದ ಮೊಮ್ಮಗನೊಂದಿಗೆ ಮಾತು ಬಿಟ್ಟೆ. ತಲೆಯಾಡಿಸಿದೆ, ಕೈಸನ್ನೆ ಮಾಡಿದೆ, ಚಿತ್ರ ಬರೆದು ತೋರಿಸಿದೆ. ಮಲಗುವಾಗ ಕಥೆ ಹೇಳುವುದು ನನ್ನ ಕೆಲಸವಾಗಿತ್ತು, ಅದನ್ನು ನಿಲ್ಲಿಸಿದೆ. ಮೂರು ತಿಂಗಳು ಹೀಗೆ ನಡೆಯಿತು. ಉಗ್ಗು ಕಡಿಮೆಯಾಗಲಿಲ್ಲ. ಒಂದು ಸಂಜೆ ಅವನು ನನ್ನ ತೊಡೆಯ ಮೇಲೆ ಕೂತು, ತಡೆತಡೆದು ಕೇಳಿದ: ‘ಅಜ್ಜಾ, ನೀ ಯಾಕ ನನ್ನ ಜೋಡಿ ಮಾತಾಡೂದಿಲ್ಲ? ನಾ ಹಿಂಗ ಮಾತಾಡ್ತೀನಿ ಅಂತನಾ?’

ಬಂಧುಗಳೇ, ಅರವತ್ತು ವರ್ಷ ಜನ ನಕ್ಕದ್ದು ಒಂದು ತೂಕ, ಈ ಮಾತು ಒಂದು ತೂಕ. ಆ ವಾರವೇ ನಾವೆಲ್ಲ ಮಗುವನ್ನು ಕರೆದುಕೊಂಡು ಠಾಣೆಯಲ್ಲಿ ಒಬ್ಬ ಸ್ಪೀಚ್ ಥೆರಪಿಸ್ಟ್ ಬಳಿ ಹೋದೆವು. ಅಲ್ಲಿ ಕಲಿತದ್ದನ್ನು, ಆಮೇಲೆ ಓದಿ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯದು, ಉಗ್ಗು ಅಂಟುವುದಿಲ್ಲ. ಅಣಕಿಸಿದರೂ ಬರುವುದಿಲ್ಲ, ಕೇಳಿದರೂ ಬರುವುದಿಲ್ಲ. ಥೆರಪಿಸ್ಟ್ ಬಾಯಿ ನಮ್ಮ ಪ್ರಶ್ನೆ ಕೇಳಿ ಮೆಲ್ಲಗೆ ನಕ್ಕು, ‘ಅಂಟುವ ಹಾಗಿದ್ದರೆ ಇಷ್ಟು ವರ್ಷದಲ್ಲಿ ನನಗೆ ಬಂದಿರಬೇಕಿತ್ತು’ ಎಂದರು. 1993ರಲ್ಲಿ ‘ಡರ್’ ಸಿನಿಮಾ ಬಂದಾಗ ಶಾರುಖ್ ಖಾನ್ ನಾಯಕಿಯ ಹೆಸರನ್ನು ಉಗ್ಗುತ್ತ ಹೇಳುವುದನ್ನು ದೇಶದ ಅರ್ಧ ಹುಡುಗರು ಅಣಕಿಸಿದರು. ಯಾರಿಗೂ ಉಗ್ಗು ಬರಲಿಲ್ಲ. ಅಣಕದಿಂದ ಕೆಡುಕು ಆಗುವುದು ಅಣಕಿಸುವವನಿಗಲ್ಲ, ಕೇಳಿಸಿಕೊಳ್ಳುವವನಿಗೆ.

ಹಾಗಾದರೆ ಮೊಮ್ಮಗನಿಗೆ ನನ್ನಿಂದ ಬರಲೇ ಇಲ್ಲವೇ? ಇಲ್ಲಿ ನಾನು ಪ್ರಾಮಾಣಿಕವಾಗಿರಬೇಕು. ಮಾತಿನಿಂದ ಬರಲಿಲ್ಲ, ರಕ್ತದಿಂದ ಬಂದಿರಬಹುದು. ಉಗ್ಗು ಮನೆತನದಲ್ಲಿ ಹರಿದು ಬರುವುದನ್ನು ಜನ ಹಿಂದಿನಿಂದಲೂ ಗಮನಿಸಿದ್ದಾರೆ. 2010ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಡೆನಿಸ್ ಡ್ರೇನಾ ಮತ್ತು ಅವರ ತಂಡ, ಹಲವು ಉಗ್ಗುವವರಿದ್ದ ಪಾಕಿಸ್ತಾನಿ ಕುಟುಂಬಗಳನ್ನು ಅಧ್ಯಯನ ಮಾಡುತ್ತ ಮೂರು ವಂಶವಾಹಿಗಳಲ್ಲಿ ಬದಲಾವಣೆ ಗುರುತಿಸಿತು. 2025ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಹೋಲಿಸಿದ ಅಧ್ಯಯನ, ಉಗ್ಗಿಗೆ ಸಂಬಂಧಿಸಿದ 57 ಜಾಗಗಳನ್ನು ನಮ್ಮ ವಂಶವಾಹಿಗಳ ನಕಾಶೆಯಲ್ಲಿ ತೋರಿಸಿತು. ಮೆದುಳಿನ ಚಿತ್ರ ತೆಗೆದು ನೋಡಿದಾಗಲೂ ಉಗ್ಗುವವರಲ್ಲಿ ಮಾತಿನ ಯೋಜನೆ, ಚಲನೆ, ಅದರ ತಾಳ ನೋಡಿಕೊಳ್ಳುವ ಭಾಗಗಳ ನಡುವಿನ ಸಂಪರ್ಕದಲ್ಲಿ ಸಣ್ಣ ವ್ಯತ್ಯಾಸ ಕಂಡಿದೆ. ನಮ್ಮ ಸೆಂಟ್ರಲ್ ಲೈನಿನಂತೆ ಎಂದುಕೊಳ್ಳಿ. ಗಾಡಿಯೂ ಸರಿ, ಹಳಿಯೂ ಸರಿ, ಸಿಗ್ನಲ್ ಬೀಳುವುದು ಮಾತ್ರ ಅರೆಕ್ಷಣ ತಡ. ಇದರಲ್ಲಿ ಮಗುವಿನ ತಪ್ಪಿಲ್ಲ, ಅಜ್ಜನ ತಪ್ಪೂ ಇಲ್ಲ. ಎತ್ತರ, ಮೈಬಣ್ಣ ಬಂದ ಹಾಗೆ ಇದೂ ಒಂದು.

ತಾಯಿ ತಂದೆಯರ ತಪ್ಪು ಎಂದು ಹೇಳುವವರೂ ಇದ್ದಾರೆ. ತಾಯಿ ಬೈದಳು, ಅಪ್ಪ ಹೆದರಿಸಿದ, ಅದಕ್ಕೇ ಉಗ್ಗು ಬಂತು ಎಂದು. ಈ ಮಾತಿಗೆ ಒಂದು ದುಃಖದ ಚರಿತ್ರೆ ಇದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ವೆಂಡೆಲ್ ಜಾನ್ಸನ್ ಎಂಬ ವಿದ್ವಾಂಸರಿದ್ದರು, ಅವರೂ ಉಗ್ಗುವವರು. ಮಕ್ಕಳ ಸಾಮಾನ್ಯ ತಡವರಿಕೆಗೆ ಹಿರಿಯರು ‘ಉಗ್ಗು’ ಎಂದು ಹೆಸರಿಡುವುದರಿಂದಲೇ ಉಗ್ಗು ಹುಟ್ಟುತ್ತದೆ ಎಂಬುದು ಅವರ ವಾದ. 1939ರಲ್ಲಿ ಅವರ ಮಾರ್ಗದರ್ಶನದಲ್ಲಿ ಮೇರಿ ಟ್ಯೂಡರ್ ಎಂಬ ವಿದ್ಯಾರ್ಥಿನಿ ಒಂದು ಅನಾಥಾಲಯದ 22 ಮಕ್ಕಳ ಮೇಲೆ ಪ್ರಯೋಗ ನಡೆಸಿದರು. ಸರಾಗವಾಗಿ ಮಾತಾಡುತ್ತಿದ್ದ ಕೆಲವು ಮಕ್ಕಳಿಗೆ ‘ನೀನು ಉಗ್ಗುತ್ತಿದ್ದೀಯ, ಸರಿಯಾಗಿ ಹೇಳಲಾಗದಿದ್ದರೆ ಬಾಯಿ ತೆರೆಯಬೇಡ’ ಎಂಬ ಅರ್ಥದ ಮಾತನ್ನು ತಿಂಗಳುಗಟ್ಟಲೆ ಹೇಳಿದರು. ಆ ಮಕ್ಕಳು ನಿಜವಾಗಿ ಉಗ್ಗುವವರಾಗಲಿಲ್ಲ. ಆದರೆ ಮಾತನ್ನೇ ಕಡಿಮೆ ಮಾಡಿದರು, ಮುದುಡಿದರು, ವರ್ಗದಲ್ಲಿ ಉತ್ತರ ಹೇಳಲು ಹಿಂಜರಿದರು. 2001ರಲ್ಲಿ ವಿಶ್ವವಿದ್ಯಾಲಯ ಬಹಿರಂಗವಾಗಿ ಕ್ಷಮೆ ಕೇಳಿತು. 2007ರಲ್ಲಿ ಆರು ಜನರ ಪರವಾಗಿ ಅಯೋವಾ ರಾಜ್ಯ 9,25,000 ಡಾಲರ್ ಪರಿಹಾರ ಕೊಡಲು ಒಪ್ಪಿತು.

ಈ ಪ್ರಸಂಗ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಬೈದು ಉಗ್ಗು ಹುಟ್ಟಿಸಲು ಆಗುವುದಿಲ್ಲ. ಆದರೆ ಬೈದು, ತಿದ್ದಿ, ಮಾತು ಬಿಟ್ಟು, ಒಂದು ಮಗುವಿನ ಬಾಯಿ ಮುಚ್ಚಿಸಲು ಖಂಡಿತ ಆಗುತ್ತದೆ. ನಮ್ಮ ಮನೆಯಲ್ಲಿ ಪ್ರೀತಿಯಿಂದಲೇ ಅದು ನಡೆದಿತ್ತು.

ಇನ್ನು ಮುಂಬಯಿ ಕನ್ನಡಿಗರಾದ ನಮಗೆಲ್ಲ ಸಂಬಂಧಿಸಿದ ಒಂದು ಮಾತು. ಮೊಮ್ಮಗನ ಶಾಲೆಯಲ್ಲಿ ‘ಮನೆಯಲ್ಲಿ ಎಷ್ಟು ಭಾಷೆ ಮಾತಾಡುತ್ತೀರಿ? ಕನ್ನಡ ಬಿಡಿ, ಇಂಗ್ಲಿಷ್ ಒಂದೇ ಇಟ್ಟುಕೊಳ್ಳಿ, ಮಗು ಗೊಂದಲಪಡುತ್ತಿದೆ’ ಎಂದಿದ್ದರು. ಯೋಚಿಸಿ ನೋಡಿ. ಮನೆಯಲ್ಲಿ ಕನ್ನಡವೋ ತುಳುವೋ ಕೊಂಕಣಿಯೋ, ಮೆಟ್ಟಿಲ ಮೇಲೆ ಮರಾಠಿ, ರಿಕ್ಷಾದಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಠಾಣೆಯಿಂದ ಕಲ್ಯಾಣದವರೆಗೆ ನಮ್ಮ ಮಕ್ಕಳೆಲ್ಲ ಹೀಗೇ ಬೆಳೆಯುವುದು. ಹಲವು ಭಾಷೆಯಿಂದ ಉಗ್ಗು ಬರುತ್ತದೆ ಎನ್ನಲು ಆಧಾರವಿಲ್ಲ. ಒಂದೇ ಭಾಷೆ ಬಲ್ಲವರಲ್ಲೂ ಉಗ್ಗು ಇದೆ, ಪ್ರಪಂಚದ ಎಲ್ಲ ಭಾಷೆಗಳಲ್ಲೂ ಇದೆ. ಎರಡು ಮೂರು ಭಾಷೆ ಕಲಿಯುವ ಮಕ್ಕಳು ಶಬ್ದ ಹುಡುಕುತ್ತ ‘ಅದು... ಅದು...’ ಎಂದು ತಡವರಿಸುವುದು ಸಹಜ. ಅದನ್ನು ಉಗ್ಗು ಎಂದು ತಪ್ಪು ತಿಳಿಯುವುದೂ ಉಂಟು. ನಮ್ಮ ಥೆರಪಿಸ್ಟ್ ಮರಾಠಿಯವರು. ಅವರೇ ಹೇಳಿದರು: ‘ಮಗು ಯಾವ ಭಾಷೆಯಲ್ಲಿ ಅಳುತ್ತದೆ, ನಗುತ್ತದೆ, ಆ ಭಾಷೆಯನ್ನು ಕಿತ್ತುಕೊಳ್ಳಬೇಡಿ. ಅಜ್ಜ ಅಜ್ಜಿಗೆ ಅದೇ ಭಾಷೆ ಸಲೀಸು. ಭಾಷೆ ಹೋದರೆ ಅಜ್ಜ ಅಜ್ಜಿಯೂ ಹೋದ ಹಾಗೆ.’ ಉಗ್ಗಿನ ಕಾರಣಕ್ಕೆ ಕನ್ನಡ ಬಿಡಬೇಕಿಲ್ಲ. ಇದನ್ನು ನೆನಪಿಡಿ.

ಉಗ್ಗುವವರು ಹೆದರುಪುಕ್ಕರು, ದಡ್ಡರು ಎಂಬ ಇನ್ನೊಂದು ನಂಬಿಕೆ ಇದೆ. ಭಯದಿಂದ ಉಗ್ಗು ಹೆಚ್ಚಬಹುದು, ಆದರೆ ಹುಟ್ಟುವುದಿಲ್ಲ. ನಾನು ಹೆದರಿ ಉಗ್ಗಿದವನಲ್ಲ, ಉಗ್ಗಿ ಉಗ್ಗಿ ಹೆದರಿದವನು. ಬುದ್ಧಿಗೂ ಇದಕ್ಕೂ ಸಂಬಂಧವೇ ಇಲ್ಲ. ಕಾಸರಗೋಡಿನವರು ಬಲ್ಲ ಇ.ಎಂ.ಎಸ್. ನಂಬೂದಿರಿಪಾಡರು ಉಗ್ಗುತ್ತಿದ್ದರು. 1957ರಲ್ಲಿ ಕೇರಳದ ಮೊದಲ ಮುಖ್ಯಮಂತ್ರಿಯಾದವರು, ಜೀವನವಿಡೀ ಸಾರ್ವಜನಿಕ ಸಭೆಗಳಲ್ಲಿ ಮಾತಾಡಿದವರು. ನೀವು ಯಾವಾಗಲೂ ಉಗ್ಗುತ್ತೀರಾ ಎಂದು ಯಾರೋ ಕೇಳಿದಾಗ, ಇಲ್ಲ, ಮಾತಾಡುವಾಗ ಮಾತ್ರ ಎಂದರಂತೆ. ನಮ್ಮ ಮುಂಬಯಿಯ ಹೃತಿಕ್ ರೋಷನ್ ಕೂಡ ಬಾಲ್ಯದಿಂದ ಕಾಡಿದ ಉಗ್ಗಿನ ಬಗ್ಗೆ ಬಹಿರಂಗವಾಗಿ ಹೇಳಿಕೊಂಡಿದ್ದಾರೆ.

‘ಭಜನೆ ಸರಾಗ ಹಾಡ್ತಾನೆ, ಮಾತಾಡುವಾಗ ಮಾತ್ರ ನಾಟಕ’ ಎಂಬ ಆರೋಪವನ್ನೂ ನಾನು ಕೇಳಿದ್ದೇನೆ. ಇದು ನಾಟಕವಲ್ಲ. ಹಾಡುವಾಗ, ಹಲವರ ಜೊತೆ ಒಟ್ಟಿಗೆ ಹೇಳುವಾಗ, ಬೆಕ್ಕಿನೊಂದಿಗೋ ಕೂಸಿನೊಂದಿಗೋ ಮಾತಾಡುವಾಗ ನಮ್ಮಲ್ಲಿ ಬಹಳ ಜನರಿಗೆ ಉಗ್ಗು ಬರುವುದೇ ಇಲ್ಲ. ಹೊರಗಿನಿಂದ ತಾಳ ಸಿಕ್ಕರೆ ಒಳಗಿನ ಸಿಗ್ನಲ್‌ಗೆ ನೆರವಾಗುತ್ತದೆ ಎಂದು ತಜ್ಞರು ಹೇಳುತ್ತಾರೆ. ಲೋಕಲ್ ಗಾಡಿಯೊಳಗೆ ಸ್ಟೇಷನ್ ಹೆಸರು ಹೇಳುವ ಧ್ವನಿ ಬಂದ ಮೇಲೆ, ಕೋಪರ್ ದಾಟಿದ ಕೂಡಲೇ ನಾನೂ ಅದರ ಜೊತೆ ಸಣ್ಣಗೆ ಹೇಳುತ್ತಿದ್ದೆ, ‘ಪುಢೀಲ ಸ್ಟೇಷನ್ ಡೊಂಬಿವಲಿ’. ಒಂದು ಸಲವೂ ತಡೆಯಲಿಲ್ಲ. ಹಿಂದೆ ವಿ.ಟಿ. ಕಿಟಕಿಯ ಮುಂದೆ ಬಾರದಿದ್ದ ಅದೇ ಹೆಸರು. ಉಗ್ಗು ಇವತ್ತು ಇರುತ್ತದೆ, ನಾಳೆ ಇರುವುದಿಲ್ಲ, ನಾಡಿದ್ದು ಮತ್ತೆ ಬರುತ್ತದೆ. ಅದರ ಸ್ವಭಾವವೇ ಹಾಗೆ.

ಹಾಗಾದರೆ ಇದು ಹೋಗುತ್ತದೆಯೇ? ಸುಮಾರು ನೂರರಲ್ಲಿ 5 ಮಕ್ಕಳು ಒಂದಲ್ಲ ಒಂದು ಕಾಲದಲ್ಲಿ ಉಗ್ಗುತ್ತಾರೆ, ಹೆಚ್ಚಾಗಿ ಎರಡರಿಂದ ಐದು ವರ್ಷದ ನಡುವೆ ಶುರುವಾಗುತ್ತದೆ. ಅವರಲ್ಲಿ ನಾಲ್ಕರಲ್ಲಿ ಮೂವರಿಗಿಂತ ಕಡಿಮೆಯಿಲ್ಲದಷ್ಟು ಮಕ್ಕಳಿಗೆ ಅದು ಹೋಗಿಬಿಡುತ್ತದೆ. ದೊಡ್ಡವರಲ್ಲಿ ಉಳಿಯುವುದು ನೂರರಲ್ಲಿ ಸುಮಾರು ಒಬ್ಬರಿಗೆ, ಹೆಂಗಸರಿಗಿಂತ ಗಂಡಸರಿಗೆ ಸುಮಾರು ನಾಲ್ಕು ಪಟ್ಟು ಹೆಚ್ಚು. ಆದ್ದರಿಂದ ‘ಬೆಳೆದಂತೆ ತಾನೇ ಹೋಗುತ್ತದೆ’ ಎನ್ನುವುದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಯಾರಿಗೆ ಹೋಗುತ್ತದೆ ಎಂದು ಮೊದಲೇ ಖಚಿತವಾಗಿ ಹೇಳಲು ಬರುವುದಿಲ್ಲ. ಮನೆತನದಲ್ಲಿ ಉಗ್ಗು ಇದ್ದರೆ, ಶುರುವಾಗಿ ಆರು ತಿಂಗಳು ಕಳೆದಿದ್ದರೆ, ಮಗು ಮಾತಾಡುವಾಗ ಮುಖ ಬಿಗಿ ಹಿಡಿದರೆ, ಕಣ್ಣು ಮುಚ್ಚಿದರೆ, ಮಾತು ತಪ್ಪಿಸತೊಡಗಿದರೆ ಕಾಯದೆ ತಜ್ಞರ ಬಳಿ ಹೋಗಿ. ಚಿಕ್ಕಂದಿನಲ್ಲಿ ಚಿಕಿತ್ಸೆ ಹೆಚ್ಚು ಫಲ ಕೊಡುತ್ತದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಲಿಡ್‌ಕೂಮ್ ಎಂಬ ಪದ್ಧತಿಯಲ್ಲಿ ತಾಯಿ ತಂದೆಯರೇ ತರಬೇತಿ ಪಡೆದು, ಮನೆಯಲ್ಲೇ ದಿನಾ ಸ್ವಲ್ಪ ಹೊತ್ತು ಆಟದಂತೆ ನಡೆಸುತ್ತಾರೆ. ತಪ್ಪು ಹಿಡಿಯುವುದಕ್ಕಿಂತ ಸರಾಗ ಬಂದ ಮಾತನ್ನು ಮೆಚ್ಚುವುದೇ ಅದರಲ್ಲಿ ಮುಖ್ಯ.

ದೂರ ಹೋಗಬೇಕಿಲ್ಲ. ಬಾಂದ್ರಾ ರೆಕ್ಲಮೇಶನ್ ಬಳಿ 1983ರಲ್ಲಿ ಸ್ಥಾಪನೆಯಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ, ಮಾತು ಮತ್ತು ಶ್ರವಣದ ತೊಂದರೆಗಳಿಗಾಗಿಯೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ಮುಂಬಯಿ ಸೆಂಟ್ರಲ್ ಬಳಿಯ ನಾಯರ್ ಆಸ್ಪತ್ರೆಯಲ್ಲಿ ಈ ವಿಭಾಗವಿದೆ. ಊರಿಗೆ ಹೋಗಿ ಬರುವವರಿಗೆ ಮೈಸೂರು ಸಂಸ್ಥೆ ಇದೆ.

ದೊಡ್ಡವರಿಗೂ ಚಿಕಿತ್ಸೆಯಿಂದ ಪ್ರಯೋಜನವಿದೆ. ಬಿಗಿ ಇಲ್ಲದೆ ಮಾತು ಶುರುಮಾಡುವುದು, ಸಿಕ್ಕಿಕೊಂಡಾಗ ಹೋರಾಡದೆ ಸಡಿಲಿಸುವುದು, ಮುಖ್ಯವಾಗಿ ಅಡಗಿಸುವುದನ್ನು ಬಿಡುವುದು. ಆದರೆ ‘ಹದಿನೈದು ದಿನದಲ್ಲಿ ಉಗ್ಗು ಮಾಯ’ ಎಂಬ ಚೀಟಿ ನಂಬಬೇಡಿ. ಗಾಡಿಯಲ್ಲಿ ಅಂಟಿಸಿದ್ದ ಅಂಥ ಒಂದು ಚೀಟಿ ನಂಬಿ ಎರಡು ತಿಂಗಳ ಸಂಬಳ ಕಳೆದವನು ನಾನು. ಹತ್ತು ದಿನ ಗಿಳಿಯಂತೆ ಮಾತಾಡಿದೆ, ಹನ್ನೊಂದನೆಯ ದಿನ ಮತ್ತೆ ‘ಡ’ದಲ್ಲೇ ನಿಂತೆ. ಇದನ್ನು ಗುಣಪಡಿಸುವ ಮಾತ್ರೆ ಇಲ್ಲ. ಅದಕ್ಕಿಂತ ಜೊತೆಗಾರರು ಮೇಲು. 2008ರಲ್ಲಿ ಶುರುವಾದ ದಿ ಇಂಡಿಯನ್ ಸ್ಟ್ಯಾಮರಿಂಗ್ ಅಸೋಸಿಯೇಷನ್ ಉಗ್ಗುವವರೇ ಕಟ್ಟಿಕೊಂಡ ಬಳಗ. ಸ್ವಸಹಾಯ ಗುಂಪುಗಳಲ್ಲಿ ಸೇರಿ, ಯಾರೂ ನಗದ ಜಾಗದಲ್ಲಿ ಮಾತಾಡುತ್ತಾರೆ. ನನ್ನಂಥವರು ಇಷ್ಟು ಜನ ಇದ್ದಾರೆ ಎಂದು ತಿಳಿದದ್ದೇ ನನಗೆ ಅರ್ಧ ಔಷಧ. 1998ರಿಂದ ಪ್ರತಿವರ್ಷ ಅಕ್ಟೋಬರ್ 22ರಂದು ಜಗತ್ತಿನಾದ್ಯಂತ ಉಗ್ಗು ಜಾಗೃತಿ ದಿನ ಆಚರಿಸುತ್ತಾರೆ.

ಇನ್ನು ಕೇಳುವವರಾದ ನೀವು ಏನು ಮಾಡಬಹುದು? ಬಹಳ ಸುಲಭ. ನಮ್ಮ ಮಾತನ್ನು ನೀವು ಮುಗಿಸಿಕೊಡಬೇಡಿ. ನೀವು ಸಹಾಯವೆಂದೇ ಮಾಡುತ್ತೀರಿ, ಆದರೆ ನಾವು ಹೇಳಹೊರಟದ್ದು ಎಷ್ಟೋ ಸಲ ಅದಾಗಿರುವುದಿಲ್ಲ. ‘ನಿಧಾನ, ಉಸಿರೆಳೆದುಕೊಂಡು ಹೇಳು’ ಎನ್ನಬೇಡಿ. ಅದು ಗೊತ್ತಿಲ್ಲದೆ ನಾವು ಉಗ್ಗುತ್ತಿಲ್ಲ. ಬದಲಿಗೆ ನಿಮ್ಮ ಮಾತನ್ನೇ ತುಸು ನಿಧಾನ ಮಾಡಿ. ಮುಖ ತಿರುಗಿಸಬೇಡಿ. ಫೋನಿನಲ್ಲಿ ಆ ಕಡೆ ಸದ್ದಿಲ್ಲದಿದ್ದರೆ ಕೂಡಲೇ ಇಟ್ಟುಬಿಡಬೇಡಿ, ಐದು ಸೆಕೆಂಡು ಕಾಯಿರಿ. ಅಲ್ಲಿ ಯಾರೋ ‘ಹಲೋ’ ಎನ್ನಲು ಹೆಣಗುತ್ತಿರಬಹುದು. ಶಿಕ್ಷಕರಿದ್ದರೆ, ಹಾಜರಿ ಕರೆಯುವಾಗ ಕೈ ಎತ್ತಿದರೂ ಸಾಕು ಎನ್ನಿ. ಗಟ್ಟಿಯಾಗಿ ಓದುವಾಗ ಇನ್ನೊಂದು ಮಗುವನ್ನು ಜೊತೆಗೆ ಓದಿಸಿ. ಆದರೆ ಉಗ್ಗುವ ಮಗುವನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. ಅದಕ್ಕೇನು ಬೇಕು ಎಂದು ಅದನ್ನೇ ಕೇಳಿ.

ನನ್ನ ಮೊಮ್ಮಗನಿಗೆ ಈಗ ಐದೂವರೆ. ಉಗ್ಗು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಹೋಗಬಹುದು, ಉಳಿಯಲೂಬಹುದು. ಠಾಣೆಯಿಂದ ಬಂದ ರಾತ್ರಿಯೇ ನಾನು ಮತ್ತೆ ಕಥೆ ಹೇಳಲು ಕೂತೆ. ಮೊದಲ ಶಬ್ದದಲ್ಲೇ ಸಿಕ್ಕಿಕೊಂಡೆ. ಈ ಸಲ ಶಬ್ದ ಬದಲಿಸಲಿಲ್ಲ. ಮಗು ನನ್ನ ಬಾಯಿಯನ್ನೇ ನೋಡುತ್ತ ಕಾಯಿತು. ಶಬ್ದ ಬಂದ ಮೇಲೆ ‘ಅಜ್ಜಾ, ನಿನಗೂ ಸಿಗಿಬೀಳತದ?’ ಎಂದ. ‘ಹೌದಪ್ಪಾ, ನನಗೂ’ ಎಂದೆ. ‘ಹಂಗಾದ್ರ ನಾ ಕಾಯ್ತೀನಿ, ನೀ ಹೇಳು’ ಎಂದ. ಬಾಗಿಲಲ್ಲಿ ನಿಂತಿದ್ದ ಸೊಸೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಒಳಗೆ ಹೋದಳು. ಮರುದಿನ ಬೆಳಿಗ್ಗೆ ಅವಳೇ ಹೇಳಿದಳು, ‘ಮಾವಾ, ಇವತ್ತೂ ಕಥಿ ಹೇಳ್ರಿ’ ಎಂದು.

ಈ ಮಾತಿನ ಧ್ವನಿಮುದ್ರಣದ ಹೊತ್ತಿಗೆ ಇಲ್ಲಿಯ ಮಿತ್ರರು, ‘ನಿಂತ ಕಡೆಯೆಲ್ಲ ಕತ್ತರಿಸಿ ಸರಾಗ ಮಾಡಿಕೊಡುತ್ತೇವೆ’ ಎಂದು ಒಳ್ಳೆಯ ಮನಸ್ಸಿನಿಂದ ಹೇಳಿದರು. ಬೇಡ, ಹಾಗೇ ಇರಲಿ ಎಂದು ಕೇಳಿಕೊಂಡೆ. ಕೋಪರ್‌ಖೈರಣೆಯಲ್ಲಿ ಒಬ್ಬ ಹುಡುಗ ಈಗ ರೇಡಿಯೋ ಮುಂದೆ ಕೂತಿದ್ದಾನೆ. ತನ್ನ ಹಾಗೆ ಮಾತಾಡುವವರ ಮಾತೂ ರೇಡಿಯೋದಲ್ಲಿ ಬರುತ್ತದೆ ಎಂದು ಅವನಿಗೆ ಗೊತ್ತಾಗಲಿ. ನಿಮ್ಮ ಮನೆಯಲ್ಲೂ ಅಂಥ ಮಗುವಿದ್ದರೆ ಅದಕ್ಕೂ ಗೊತ್ತಾಗಲಿ.